ಗಾಡಿ ಯಾರದು?

ಎರಡು ವರ್ಷದ ಹಿಂದೆ ಒಂದು ವಿಚಾರ ಸಂಕಿರಣಕ್ಕೆಂದು ಕೋಲ್ಕತ್ತಾಕ್ಕೆ ಹೋಗಿದ್ದೆ. ಪ್ರಬಂಧ ಮಂಡಿಸಿದ ಮರುದಿನ ಕಾಲೇಜ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಗಳಲ್ಲಿ ಅಲೆಯುತ್ತಿದ್ದಾಗ ಮಳೆ ಹಿಡಿಯಿತು. ನೋಡನೋಡುತ್ತ ರಸ್ತೆಯ ನೀರು ಮೊಣಕಾಲಿಗೆ ಬಂತು. ಟ್ಯಾಕ್ಸಿಗಳು ಇದ್ದಲ್ಲೇ ನಿಂತವು. ಆಗ ಠಣ್ ಠಣ್ ಎಂದು ಸದ್ದು ಮಾಡುತ್ತ ನೀರು ಸೀಳಿಕೊಂಡು ಬಂದದ್ದು ಒಂದು ಕೈರಿಕ್ಷಾ. ಎಳೆಯುವವರಿಗೆ ಅರವತ್ತು ದಾಟಿರಬೇಕು. ಬೆರಳಿಗೆ ಸಿಕ್ಕಿಸಿಕೊಂಡ ಪುಟ್ಟ ಗಂಟೆಯನ್ನು ಗಾಡಿಯ ಮೂಕಿಗೆ ಬಡಿಯುತ್ತ, "ಬನ್ನಿ ದೀದಿ" ಎಂದು ಹಿಂದಿಯಲ್ಲಿ ಕರೆದರು. ನಾನು ಬೇಡವೆಂದು ತಲೆಯಾಡಿಸಿದೆ. ಮನುಷ್ಯರು ಎಳೆಯುವ ಗಾಡಿಯಲ್ಲಿ ಕೂರುವುದುಂಟೇ? ಅವರು ಎರಡು ಕ್ಷಣ ನೋಡಿ, ಪಕ್ಕದ ಅಂಗಡಿಯ ಜಗಲಿಯಲ್ಲಿ ಬಟ್ಟೆಗಂಟುಗಳೊಂದಿಗೆ ನಿಂತಿದ್ದ ಒಬ್ಬರನ್ನು ಹತ್ತಿಸಿಕೊಂಡು ಹೊರಟುಹೋದರು. ನಾನು ನೀರಿನಲ್ಲಿ ನಡೆದೆ. ಪುಸ್ತಕದ ಚೀಲ ನೆಂದಿತು. ಆದರೂ ಏನೋ ಒಳ್ಳೆಯದು ಮಾಡಿದ ಸಮಾಧಾನ ಮನಸ್ಸಿನಲ್ಲಿತ್ತು.

ರಾತ್ರಿ ಅತಿಥಿಗೃಹದಲ್ಲಿ ಫ್ಯಾನಿನ ಕೆಳಗೆ ಪುಸ್ತಕಗಳನ್ನು ಬಿಡಿಸಿಟ್ಟೆ. ಅದರಲ್ಲಿ ಒಂದು ಚೀನಾದ ಲೇಖಕ ಲಾವ್ ಶೆ ಬರೆದ ರಿಕ್ಷಾ ಎಳೆಯುವವನ ಕಾದಂಬರಿಯ ಇಂಗ್ಲಿಷ್ ಅನುವಾದ. ಹಾಳೆ ಒಣಗಲೆಂದು ಒಂದೊಂದಾಗಿ ತಿರುವುತ್ತ ಮೊದಲ ಅಧ್ಯಾಯ ಓದಿದೆ. ಅಲ್ಲಿ ಬೆವರಿಲ್ಲ, ಕಣ್ಣೀರಿಲ್ಲ. ಯಾರು ಸ್ವಂತ ಗಾಡಿ ಎಳೆಯುತ್ತಾರೆ, ಯಾರು ಬಾಡಿಗೆಗೆ ತಂದು ಎಳೆಯುತ್ತಾರೆ, ಯಾರು ಇಡೀ ದಿನಕ್ಕೆ ತರುತ್ತಾರೆ, ಯಾರಿಗೆ ಮಧ್ಯಾಹ್ನದ ಮೇಲಷ್ಟೇ ಗಾಡಿ ಸಿಗುತ್ತದೆ ಎಂಬ ವಿವರಗಳಿವೆ. ಹಿಂದಿನ ದಿನ ನಾನು ಓದಿದ್ದ ಪ್ರಬಂಧದ ವಿಷಯ 'ದುಡಿಯುವ ದೇಹದ ಕಥನಗಳು'. ಇಪ್ಪತ್ತು ನಿಮಿಷದಲ್ಲಿ 'ದೇಹ', 'ನೋವು', 'ಘನತೆ' ಎಂಬ ಮಾತುಗಳು ಎಷ್ಟು ಸಲ ಬಂದವೋ ಲೆಕ್ಕವಿಲ್ಲ. 'ಬಾಡಿಗೆ' ಎಂಬ ಮಾತು ಮಾತ್ರ ಒಮ್ಮೆಯೂ ಬಂದಿರಲಿಲ್ಲ.

ಇದು ನನಗೆ ಹೊಳೆಯದೇ ಹೋದದ್ದು ಇನ್ನೂ ನಾಚಿಕೆಯ ವಿಷಯ. ನಮ್ಮ ಸೋದರಮಾವ ದಾವಣಗೆರೆಯಲ್ಲಿ ವರ್ಷಗಟ್ಟಲೆ ಬಾಡಿಗೆ ಆಟೊ ಓಡಿಸಿದವರು. ರಾತ್ರಿ ಅವರು ಮನೆಗೆ ಬಂದರೆ ಅತ್ತೆ ಕೇಳುತ್ತಿದ್ದ ಮೊದಲ ಮಾತು "ಸುಸ್ತಾಯ್ತಾ?" ಅಂತಲ್ಲ, "ಬಾಡಿಗೆ ಕೊಟ್ಟು ಎಷ್ಟುಳೀತು?" ಅಂತ. ಆ ಮನೆಯಲ್ಲಿ ಯಾರೂ ಮಾವನ ಬಗ್ಗೆ ಅಯ್ಯೋ ಪಾಪ ಅನ್ನುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದು ಒಂದೇ: ಗಾಡಿ ನಮ್ಮದಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಓಡಿಸಿದ್ದು ಯಜಮಾನನ ಪಾಲಿಗೆ ಹೋದರೆ, ಆಮೇಲೆ ಓಡಿಸಿದ್ದಷ್ಟೇ ಮನೆಗೆ. ಅತ್ತೆಯ ಪ್ರಶ್ನೆಯನ್ನು ಸಾಹಿತ್ಯಕ್ಕೂ ಕೇಳಬಹುದು ಎಂದು ಆ ರಾತ್ರಿ ಅನ್ನಿಸಿತು. ರಿಕ್ಷಾ ಎಳೆಯುವವರ ಬಗ್ಗೆ ಬರೆದದ್ದನ್ನು, ಚಿತ್ರಿಸಿದ್ದನ್ನು 'ಎಷ್ಟು ಮನ ಕಲಕುತ್ತದೆ' ಎಂದು ಅಳೆಯುವ ಬದಲು, 'ಗಾಡಿ ಯಾರದು ಎಂದು ಅದು ಹೇಳುತ್ತದೆಯೇ' ಎಂದು ಕೇಳಿ ನೋಡಿದರೆ ಏನಾಗುತ್ತದೆ? ಈ ಬರಹ ಆ ಪ್ರಯತ್ನ.

*

ಕನ್ನಡದ ಓದುಗರಿಗೆ 'ಎಳೆಯುವುದು' ಎಂದೊಡನೆ ಮೊದಲು ನೆನಪಾಗುವುದು ಡಿ.ವಿ.ಜಿ.ಯವರ ಜಟಕಾಬಂಡಿ. ಆ ರೂಪಕದಲ್ಲಿ ಓಡಿಸುವುದು ವಿಧಿ, ಎಳೆಯುವುದು ಮನುಷ್ಯ. ಅದರ ಬಲ ಇರುವುದೇ ಎಲ್ಲರನ್ನೂ ಒಂದೇ ನೊಗಕ್ಕೆ ಹೂಡುವುದರಲ್ಲಿ. ಶ್ರೀಮಂತನೂ ಎಳೆಯುತ್ತಾನೆ, ಬಡವನೂ ಎಳೆಯುತ್ತಾನೆ. ಬದುಕಿನ ಬಗ್ಗೆ ಅದು ಸತ್ಯವಿರಬಹುದು. ಆದರೆ ರಿಕ್ಷಾದ ಬಗ್ಗೆ ಸತ್ಯವಲ್ಲ. ರಿಕ್ಷಾದಲ್ಲಿ ಒಬ್ಬರು ಎಳೆಯುತ್ತಾರೆ, ಇನ್ನೊಬ್ಬರು ಕೂರುತ್ತಾರೆ, ಮೂರನೆಯವರೊಬ್ಬರು ಅಲ್ಲಿ ಕಾಣಿಸಿಕೊಳ್ಳದೆಯೇ ಸಂಜೆ ದುಡ್ಡು ಎಣಿಸಿಕೊಳ್ಳುತ್ತಾರೆ. ಆ ಮೂರನೆಯವರು ವಿಧಿಯಲ್ಲ. ಅವರಿಗೊಂದು ಮನೆ, ವಿಳಾಸ, ಗಾಡಿ ನಿಲ್ಲಿಸುವ ಅಂಗಳ ಇರುತ್ತದೆ. ಕರುಣೆಯ ಸಾಹಿತ್ಯ ನೋಡುವುದು ಮೊದಲಿನ ಇಬ್ಬರನ್ನು ಮಾತ್ರ. ಎಳೆಯುವವರ ಬೆನ್ನು, ಕೂತವರ ಅಳುಕು. ಅಷ್ಟರಲ್ಲೇ ಅದರ ಚೌಕಟ್ಟು ತುಂಬಿಹೋಗುತ್ತದೆ.

ಲಾವ್ ಶೆ ಮೂರನೆಯವನಿಗೆ ಹೆಸರು ಕೊಟ್ಟ. 1936-37ರಲ್ಲಿ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದ ಅವನ ಕಾದಂಬರಿಯ ನಾಯಕ ಶಿಯಾಂಗ್‌ಝಿ. ಹಳ್ಳಿಯಲ್ಲಿ ಅಪ್ಪ ಅಮ್ಮನನ್ನೂ ಇದ್ದ ತುಂಡು ಭೂಮಿಯನ್ನೂ ಕಳೆದುಕೊಂಡು ಬೀಜಿಂಗಿಗೆ ಬಂದ ಗಟ್ಟಿಮುಟ್ಟಾದ ಹುಡುಗ. ಅವನಿಗಿರುವುದು ಒಂದೇ ಆಸೆ, ಸ್ವಂತ ರಿಕ್ಷಾ. ಮೂರು ವರ್ಷ ಹೊಟ್ಟೆ ಬಟ್ಟೆ ಕಟ್ಟಿ 96 ಯುವಾನಿಗೆ ಒಂದನ್ನು ಕೊಳ್ಳುತ್ತಾನೆ. ಹುಟ್ಟಿದ ದಿನ ಗೊತ್ತಿಲ್ಲದ ಅವನು ಗಾಡಿ ಕೊಂಡ ದಿನವನ್ನೇ ತನ್ನ ಹುಟ್ಟುಹಬ್ಬ ಎಂದು ಗೊತ್ತುಮಾಡಿಕೊಳ್ಳುತ್ತಾನೆ. ಅವನಿಗೂ ಗಾಡಿಗೂ ಸೇರಿ ಒಂದೇ ಹುಟ್ಟುಹಬ್ಬ. ಸ್ವಂತ ಗಾಡಿ ಎಂದರೆ ಏನೆಂದು ಇದಕ್ಕಿಂತ ಚುಟುಕಾಗಿ ಹೇಳಿದ ಬರಹವನ್ನು ನಾನು ಓದಿಲ್ಲ.

ಆ ಗಾಡಿ ಉಳಿಯುವುದಿಲ್ಲ. ಸೈನಿಕರು ಅವನನ್ನೂ ಗಾಡಿಯನ್ನೂ ಎಳೆದೊಯ್ಯುತ್ತಾರೆ. ತಪ್ಪಿಸಿಕೊಂಡು ಬರುವಾಗ ಸಿಕ್ಕ ಮೂರು ಒಂಟೆಗಳನ್ನು ಮಾರಿ ಸ್ವಲ್ಪ ದುಡ್ಡು ಮಾಡಿಕೊಳ್ಳುತ್ತಾನೆ, 'ಒಂಟೆ' ಎಂಬ ಅಡ್ಡಹೆಸರು ಅಂಟಿಕೊಳ್ಳುತ್ತದೆ. ಮತ್ತೆ ಬಾಡಿಗೆ ಗಾಡಿ ಎಳೆದು ಕೂಡಿಟ್ಟದ್ದನ್ನು ಒಬ್ಬ ಗುಪ್ತ ಪೊಲೀಸಿನವನು ಹೆದರಿಸಿ ಕಿತ್ತುಕೊಳ್ಳುತ್ತಾನೆ. ಈ ನಡುವೆ ನಮಗೆ ಲಿಯು ಎಂಬ ಯಜಮಾನನ ಪರಿಚಯವಾಗುತ್ತದೆ. ಎಪ್ಪತ್ತರ ಹತ್ತಿರದ ಮುದುಕ, ಅರವತ್ತಕ್ಕೂ ಹೆಚ್ಚು ಗಾಡಿಗಳ ಒಡೆಯ. ಅವನ ಅಂಗಳದಲ್ಲೇ ಎಳೆಯುವವರು ಮಲಗುತ್ತಾರೆ. ಲಾವ್ ಶೆ ಅವನನ್ನು ರಾಕ್ಷಸನನ್ನಾಗಿ ಮಾಡಿಲ್ಲ. ಅವನು ಒಂದು ಕುಟುಂಬದ ಯಜಮಾನ, ಲೆಕ್ಕದಲ್ಲಿ ಚೊಕ್ಕ, ಅಷ್ಟೇ. ಅವನ ಮಗಳು ಹೂನ್ಯು, ಶಿಯಾಂಗ್‌ಝಿಯನ್ನು ಮದುವೆಯಾದ ಮೇಲೆ, ಎಳೆಯುವ ಕೆಲಸ ಬಿಡು, ಎರಡು ಮೂರು ಗಾಡಿ ಕೊಂಡು ಬಾಡಿಗೆಗೆ ಬಿಡೋಣ ಎಂಬ ಅರ್ಥದಲ್ಲಿ ವಾದಿಸುತ್ತಾಳೆ. ವ್ಯವಸ್ಥೆಯ ಗುಟ್ಟು ಗೊತ್ತಿದ್ದದ್ದು ಅವಳಿಗೆ. ಓಡುವವರಿಗೆ ಬರುವುದು ಆಯಾಸ, ಆದಾಯ ಬರುವುದು ಬಾಡಿಗೆಗೆ ಬಿಟ್ಟವರಿಗೆ. ಶಿಯಾಂಗ್‌ಝಿಗೆ ಮಾತ್ರ ಅದು ಹಿಡಿಸುವುದಿಲ್ಲ.

ಕಾದಂಬರಿಯ ಅತಿ ಕ್ರೂರ ಜಾಗ ನನ್ನ ಪ್ರಕಾರ ಅವನು ಎರಡನೆಯ ಸಲ ಗಾಡಿ ಕೊಳ್ಳುವುದು. ಹೆಂಡತಿಯ ದುಡ್ಡಿನಲ್ಲಿ ಅವನು ಕೊಳ್ಳುವ ಗಾಡಿ ನೆರೆಮನೆಯ ಬಡವನೊಬ್ಬನದು. ಆ ನೆರೆಯವನು ಅದನ್ನು ಕೊಂಡದ್ದು ಮಗಳನ್ನು ಒಬ್ಬ ಸೇನಾಧಿಕಾರಿಗೆ ಮಾರಿ ಬಂದ ಹಣದಲ್ಲಿ. ಆ ಮಗಳು ಮುಂದೆ ಶಿಯಾಂಗ್‌ಝಿ ಪ್ರೀತಿಸುವ ಹುಡುಗಿ. ಅಂದರೆ ಅವನು ತನ್ನದು ಎಂದುಕೊಂಡು ಎಳೆಯುವ ಗಾಡಿಯೊಳಗೆ ಅವಳ ಬೆಲೆ ಕೂತಿದೆ. ಲಾವ್ ಶೆ ಇದನ್ನು ಎತ್ತಿ ಹೇಳುವುದಿಲ್ಲ, ದುಡ್ಡು ಕೈಯಿಂದ ಕೈಗೆ ಹೋದ ದಾರಿಯನ್ನಷ್ಟೇ ತೋರಿಸುತ್ತಾನೆ. 'ಗಾಡಿ ಯಾರದು' ಎಂಬ ಪ್ರಶ್ನೆ 'ಯಾರ ಬೆಲೆಯಲ್ಲಿ ಬಂದದ್ದು' ಎಂಬ ಪ್ರಶ್ನೆಯಾಗಿ ಬದಲಾಗುತ್ತದೆ. ಹೂನ್ಯು ಹೆರಿಗೆಯಲ್ಲಿ ಸತ್ತಾಗ ಆ ಗಾಡಿಯೂ ಅವಳ ಶವಸಂಸ್ಕಾರಕ್ಕೆ ಮಾರಾಟವಾಗುತ್ತದೆ.

ಕೊನೆಯಲ್ಲಿ ಆ ಹುಡುಗಿ ನೇಣು ಹಾಕಿಕೊಳ್ಳುತ್ತಾಳೆ, ಶಿಯಾಂಗ್‌ಝಿ ದುಡಿಮೆಯ ಹೆಮ್ಮೆಯನ್ನೆಲ್ಲ ಕಳೆದುಕೊಂಡು ಮದುವೆ, ಸಾವಿನ ಮೆರವಣಿಗೆಗಳಲ್ಲಿ ಬಾವುಟ ಹಿಡಿದು ಕಾಲೆಳೆಯುತ್ತ ನಡೆಯುವವನಾಗುತ್ತಾನೆ. ಈ ಕೊನೆಯನ್ನು ಯಾರಿಗೂ ಸಹಿಸಲಾಗಲಿಲ್ಲ. 1945ರಲ್ಲಿ ಅಮೆರಿಕದಲ್ಲಿ ಬಂದ ಇಂಗ್ಲಿಷ್ ಅನುವಾದದಲ್ಲಿ ಅನುವಾದಕ ಕೊನೆಯನ್ನೇ ಬದಲಿಸಿ ಪ್ರೇಮಿಗಳನ್ನು ಒಂದುಗೂಡಿಸಿದ. ಪುಸ್ತಕ ಅಲ್ಲಿ ಭರ್ಜರಿಯಾಗಿ ಮಾರಾಟವಾಯಿತು, ಲಾವ್ ಶೆಗೆ ಬೇಸರವಾಯಿತು. ಹತ್ತು ವರ್ಷದ ಮೇಲೆ, 1955ರ ಚೀನೀ ಆವೃತ್ತಿಯಲ್ಲಿ, ಲಾವ್ ಶೆಯೇ ಕೊನೆಯ ಪುಟಗಳನ್ನು ಕತ್ತರಿಸಿದ. ಹೊಸ ಚೀನಾದಲ್ಲಿ ಕಾರ್ಮಿಕನೊಬ್ಬ ಹೀಗೆ ಕೊಳೆತುಹೋಗುವುದಕ್ಕೆ ಜಾಗವಿರಲಿಲ್ಲ. ಒಂದು ಕಡೆ ಮಾರುಕಟ್ಟೆ, ಇನ್ನೊಂದು ಕಡೆ ಪ್ರಭುತ್ವ. ಎರಡಕ್ಕೂ ಬೇಕಾಗಿದ್ದದ್ದು ಸಮಾಧಾನ. ಮಳೆಯಲ್ಲಿ ನಡೆದು ಬಂದ ನನಗೂ ಬೇಕಾಗಿದ್ದದ್ದು ಅದೇ.

ಕಾದಂಬರಿಗೆ ಮಿತಿಯೂ ಇದೆ. ಬೀಜಿಂಗಿನಲ್ಲಿ 1924ರಲ್ಲಿ ಟ್ರಾಂ ಶುರುವಾಯಿತು. 1929ರ ಅಕ್ಟೋಬರಿನಲ್ಲಿ ರಿಕ್ಷಾ ಎಳೆಯುವವರು ಗುಂಪುಗಟ್ಟಿ ಆ ಟ್ರಾಂಗಳ ಮೇಲೆ ಬಿದ್ದು ಹಲವನ್ನು ಪುಡಿಗಟ್ಟಿದರು. ನಗರ ಆಧುನಿಕವಾಗುವಾಗ ತಮ್ಮ ಅನ್ನ ಎಲ್ಲಿಗೆ ಹೋಗುತ್ತಿದೆ ಎಂದು ಅವರಿಗೆ ಗೊತ್ತಿತ್ತು, ಒಟ್ಟಾಗಿ ನಿಲ್ಲಲೂ ಗೊತ್ತಿತ್ತು. ಕಾದಂಬರಿಯಲ್ಲಿ ಸಂಘಟನೆ ಬರುವುದು ಕೊನೆಯಲ್ಲಿ, ಅದೂ ವಂಚನೆಯಾಗಿ: ರಿಕ್ಷಾದವರನ್ನು ಸಂಘಟಿಸಲು ಬಂದವನನ್ನು ಶಿಯಾಂಗ್‌ಝಿ ದುಡ್ಡಿಗಾಗಿ ಹಿಡಿದುಕೊಡುತ್ತಾನೆ. ಒಂಟಿ ಮನುಷ್ಯನ ಸೋಲನ್ನು ಲಾವ್ ಶೆ ಬಲ್ಲಷ್ಟು ಬೇರೆ ಯಾರೂ ಬಲ್ಲರೋ ಇಲ್ಲವೋ, ಜೊತೆಯಾಗಿ ನಿಂತವರ ಕಥೆ ಮಾತ್ರ ಅವನ ಪುಟಗಳ ಹೊರಗೇ ಉಳಿಯಿತು.

*

ಬೀಜಿಂಗಿನಿಂದ ಕೋಲ್ಕತ್ತಾಕ್ಕೆ ಮರಳೋಣ. ನಮ್ಮಲ್ಲಿ ರಿಕ್ಷಾ ಎಳೆಯುವವರ ಚಿತ್ರವೆಂದರೆ ಇಂದಿಗೂ ಬಿಮಲ್ ರಾಯ್ ಅವರ 'ದೋ ಬೀಘಾ ಜಮೀನ್' (1953). ಸಲಿಲ್ ಚೌಧುರಿಯವರ ಕಥೆ, ಬಲರಾಜ್ ಸಾಹನಿಯವರ ಶಂಭು. ಈ ಚಿತ್ರದಲ್ಲೂ ಲೆಕ್ಕವಿದೆ, ಆದರೆ ಅದು ಗಾಡಿಯದಲ್ಲ, ಜಮೀನಿನದು. 65 ರೂಪಾಯಿ ಎಂದುಕೊಂಡಿದ್ದ ಸಾಲ ಜಮೀನ್ದಾರನ ಕಾಗದದಲ್ಲಿ 235 ರೂಪಾಯಿ ಆಗುತ್ತದೆ. ಮೂರು ತಿಂಗಳಲ್ಲಿ ತೀರಿಸದಿದ್ದರೆ ಜಮೀನು ಹರಾಜು. ಅದಕ್ಕಾಗಿ ಶಂಭು ಕಲ್ಕತ್ತೆಗೆ ಬಂದು ರಿಕ್ಷಾ ಎಳೆಯುತ್ತಾನೆ. ಹೆಚ್ಚು ದುಡ್ಡಿನ ಆಸೆ ತೋರಿಸಿ ಇನ್ನೂ ಜೋರಾಗಿ ಎಂದು ಓಡಿಸುವ ಸವಾರಿ, ಕಳಚಿ ಬೀಳುವ ಚಕ್ರ, ಇವನ್ನು ನೋಡಿದವರು ಮರೆಯುವುದಿಲ್ಲ. ನಾವು ಆ ದೃಶ್ಯವನ್ನು ಮನುಷ್ಯ ಪಶುವಾದ ದೃಶ್ಯ ಎಂದು ಪಾಠ ಹೇಳುತ್ತೇವೆ. ನನಗೆ ಈಗ ಅಲ್ಲಿ ಕಾಣುವುದು ಗಡುವು. ಶಂಭು ಓಡುತ್ತಿರುವುದು ಸವಾರಿಯ ಮಾತಿಗಲ್ಲ, ಹರಾಜಿನ ತಾರೀಕಿಗೆ.

ಬಲರಾಜ್ ಸಾಹನಿ ತಮ್ಮ ಆತ್ಮಕಥನದಲ್ಲಿ ಚಿತ್ರೀಕರಣದ ಒಂದು ಪ್ರಸಂಗ ಹೇಳುತ್ತಾರೆ. ಪಾತ್ರ ಕೈಗೆ ಹತ್ತದೆ ಕುಗ್ಗಿದ್ದಾಗ ನಡುವಯಸ್ಸಿನ ಒಬ್ಬ ರಿಕ್ಷಾವಾಲ ಹತ್ತಿರ ಬಂದು ಸಿನಿಮಾದ ಕಥೆ ಏನೆಂದು ಕೇಳಿದನಂತೆ. ಹೇಳಿದಾಗ, ಇದು ನನ್ನದೇ ಕಥೆ ಎಂದು ಕಣ್ಣೀರಿಟ್ಟನಂತೆ. ಅವನದೂ ಬಿಹಾರದಲ್ಲಿ ತುಂಡು ಜಮೀನು, ಜಮೀನ್ದಾರನ ಬಳಿ ಅಡವು, ಬಿಡಿಸಿಕೊಳ್ಳುವ ಆಸೆಯಲ್ಲಿ ವರ್ಷಗಳಿಂದ ರಿಕ್ಷಾ. ನಟನೆಯ ಸಿದ್ಧಾಂತಗಳನ್ನೆಲ್ಲ ಬದಿಗಿಟ್ಟು ಆತನನ್ನೇ ಒಳಗೆ ತಂದುಕೊಂಡೆ ಎನ್ನುತ್ತಾರೆ ಸಾಹನಿ. ಈ ಪ್ರಸಂಗವನ್ನು ನಟನ ಕಲೆಯ ಉದಾಹರಣೆಯಾಗಿ ಹೇಳುವುದು ರೂಢಿ. ಆದರೆ ರಿಕ್ಷಾವಾಲ ಗುರುತಿಸಿದ್ದು ತನ್ನ ನೋವನ್ನಲ್ಲ, ತನ್ನ ಅಡವಿನ ಪತ್ರವನ್ನು. ಚಿತ್ರ ಅಷ್ಟು ಖಚಿತವಾಗಿದ್ದರಿಂದಲೇ ಅವನಿಗೆ ಅದು ತನ್ನದೆನ್ನಿಸಿತು.

ಇದಕ್ಕೆ ಎದುರಾಗಿ ಡೊಮಿನಿಕ್ ಲಾಪಿಯೆರ್ ಅವರ 'ಸಿಟಿ ಆಫ್ ಜಾಯ್' (1985) ನೆನೆಯಬಹುದು. ಅಲ್ಲಿನ ಹಸಾರಿ ಪಾಲ್ ರಕ್ತ ಮಾರುತ್ತಾನೆ, ಸತ್ತ ಮೇಲಿನ ತನ್ನ ಅಸ್ಥಿಪಂಜರವನ್ನೂ ಮುಂಗಡಕ್ಕೆ ಮಾರುತ್ತಾನೆ. ವಿವರಗಳಿಗೆ ಕೊರತೆಯಿಲ್ಲ. ಆದರೆ ಆ ವಿವರಗಳೆಲ್ಲ ಹೊರಗಿನಿಂದ ಬಂದವರ ಕಣ್ಣು ಒದ್ದೆ ಮಾಡಲು ಸಾಲಾಗಿ ನಿಂತಂತಿವೆ. ಓದಿ ಮುಗಿಸಿದಾಗ ನಮಗೆ ಉಳಿಯುವುದು ಹಸಾರಿಯ ಲೆಕ್ಕವಲ್ಲ, ನಮ್ಮ ಒಳ್ಳೆಯತನ.

*

ಕರುಣೆ ಬರೀ ಪುಸ್ತಕದಲ್ಲಿದ್ದರೆ ತೊಂದರೆಯಿರಲಿಲ್ಲ. ಅದು ಕಾನೂನೂ ಆಗುತ್ತದೆ. 2006ರಲ್ಲಿ ಪಶ್ಚಿಮ ಬಂಗಾಳದ ವಿಧಾನಸಭೆ ಕೈರಿಕ್ಷಾವನ್ನು ಕೊನೆಗಾಣಿಸುವ ಮಸೂದೆಯನ್ನು ಅಂಗೀಕರಿಸಿತು. ಮನುಷ್ಯನನ್ನು ಮನುಷ್ಯ ಎಳೆಯುವುದು ಅಮಾನವೀಯ ಎಂಬುದು ಆಗಿನ ಎಡರಂಗ ಸರ್ಕಾರದ ಮಾತು. ಎಳೆಯುವವರ ಸಂಘಟನೆಯೇ ವಿರೋಧಿಸಿತು, ವಿಷಯ ನ್ಯಾಯಾಲಯಕ್ಕೆ ಹೋಯಿತು, ಗಾಡಿಗಳು ಇನ್ನೂ ಓಡುತ್ತಿವೆ. ಅದೇ ವರ್ಷ ಅದೇ ಸರ್ಕಾರ ಸಿಂಗೂರಿನಲ್ಲಿ ಕಾರು ಕಾರ್ಖಾನೆಗಾಗಿ 997 ಎಕರೆ ಜಮೀನನ್ನು ಸ್ವಾಧೀನಪಡಿಸಿಕೊಳ್ಳಲು ಹೊರಟಿತ್ತು. ಒಂದು ಕಡೆ ನಗರದಿಂದ ರಿಕ್ಷಾ ತೆಗೆಯುವುದು, ಇನ್ನೊಂದು ಕಡೆ ಹಳ್ಳಿಯಿಂದ ಜಮೀನು ತೆಗೆಯುವುದು. ಬಿಮಲ್ ರಾಯ್ ಚಿತ್ರದ ಕೊನೆಯಲ್ಲಿ ಶಂಭುವಿನ ಜಮೀನಿನಲ್ಲಿ ಕಾರ್ಖಾನೆ ಏಳುತ್ತಿರುತ್ತದೆ. ಅವನು ಎತ್ತಿಕೊಂಡ ಹಿಡಿ ಮಣ್ಣನ್ನೂ ಕಾವಲುಗಾರ ಕೆಳಗೆ ಹಾಕಿಸುತ್ತಾನೆ. ಐವತ್ತಮೂರು ವರ್ಷ ಹಳೆಯ ಚಿತ್ರ ಆ ವರ್ಷ ಮತ್ತೆ ಹೊಸದಾಗಿತ್ತು.

ಕೈರಿಕ್ಷಾ ಉಳಿಯಲಿ ಎಂದು ನಾನು ಹೇಳುತ್ತಿಲ್ಲ. ಎಳೆಯುವವರೂ ತಮ್ಮ ಮಕ್ಕಳು ಎಳೆಯಲಿ ಎಂದು ಬಯಸಲಾರರು. ಪ್ರಶ್ನೆ ಇರುವುದು ತೆಗೆದ ಮೇಲೆ ಅವರ ಕೈಗೆ ಏನು ಬರುತ್ತದೆ ಎಂಬುದರಲ್ಲಿ. ಇಲ್ಲಿ ನನಗೆ ಅನೇಕ ಕಥೆಗಳಿಗಿಂತ ಒಳ್ಳೆಯ ಓದಾಗಿ ಕಂಡದ್ದು ಒಂದು ತೀರ್ಪು. ಪಂಜಾಬಿನ 1975ರ ಕಾನೂನೊಂದು ಸೈಕಲ್ ರಿಕ್ಷಾ ಲೈಸೆನ್ಸನ್ನು ಸ್ವಂತ ಗಾಡಿ ಇದ್ದು ತಾನೇ ತುಳಿಯುವವರಿಗೆ ಮಾತ್ರ ಕೊಡಬೇಕೆಂದಿತು. ಶೋಷಣೆ ತಪ್ಪಿಸುವ ಸದುದ್ದೇಶ. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದದ್ದು ಅಮೃತಸರದ ಬಾಡಿಗೆ ರಿಕ್ಷಾ ತುಳಿಯುವವರೇ. ಅವರ ವಾದ ಸರಳ: ಕೊಳ್ಳಲು ದುಡ್ಡಿಲ್ಲ, ಬಾಡಿಗೆಗೂ ಇಲ್ಲವೆಂದರೆ ನಾವೇನು ಮಾಡಬೇಕು? 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕಾನೂನು ಸರಿಯೋ ತಪ್ಪೋ ಎಂಬಲ್ಲಿಗೆ ನಿಲ್ಲಿಸಲಿಲ್ಲ. ಬ್ಯಾಂಕ್ ಸಾಲದಿಂದ ಎಳೆಯುವವರೇ ಒಡೆಯರಾಗುವ ಯೋಜನೆಯೊಂದನ್ನು ತೀರ್ಪಿನಲ್ಲೇ ರೂಪಿಸಿದರು. ಗಾಡಿ ಯಾರದು ಎಂಬ ಪ್ರಶ್ನೆಗೆ ನ್ಯಾಯಾಲಯ ನೇರವಾಗಿ ಉತ್ತರ ಹುಡುಕಿದ ಸಂದರ್ಭ ಅದು.

ನಲವತ್ತೈದು ವರ್ಷದ ಮೇಲೆ, 2025ರ ಆಗಸ್ಟಿನಲ್ಲಿ, ಮಹಾರಾಷ್ಟ್ರದ ಗಿರಿಧಾಮ ಮಾಥೇರಾನಿನ ಕೈರಿಕ್ಷಾಗಳನ್ನು ಆರು ತಿಂಗಳಲ್ಲಿ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಪಂಜಾಬಿನ ಆ ತೀರ್ಪನ್ನು ನೆನೆಸಿಕೊಂಡಿತು, ಹಣವಿಲ್ಲವೆಂದು ಸರ್ಕಾರ ನೆಪ ಹೇಳುವಂತಿಲ್ಲ ಎಂದೂ ಹೇಳಿತು. ಗುಜರಾತಿನ ಕೆವಾಡಿಯಾದ ಮಾದರಿಯಲ್ಲಿ ಇ-ರಿಕ್ಷಾಗಳನ್ನು ಎಳೆಯುವವರಿಗೆ ಬಾಡಿಗೆ ಆಧಾರದ ಮೇಲೆ ಕೊಡುವ ದಾರಿ ತೋರಿಸಿತು. ಆದೇಶ ಸ್ವಾಗತಾರ್ಹ, ಅದರಲ್ಲಿ ಎರಡು ಮಾತಿಲ್ಲ. ಆದರೆ 'ಬಾಡಿಗೆ' ಎಂಬ ಮಾತು ಬಂದಾಗ ನನಗೆ ಅತ್ತೆ ನೆನಪಾದರು. ಹಗ್ಗ ಹೋಗಿ ಬ್ಯಾಟರಿ ಬಂದರೂ ಸಂಜೆಯ ಪ್ರಶ್ನೆ ಅದೇ ಇರಬಹುದಲ್ಲ?

*

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಲಾವ್ ಶೆ, ಬಿಮಲ್ ರಾಯ್, ಕೃಷ್ಣ ಅಯ್ಯರ್, ಯಾರೂ ಎಳೆದವರಲ್ಲ. ಎಳೆದವರೊಬ್ಬರು ಬರೆದಿದ್ದಾರೆ, ಬಂಗಾಳಿಯ ಮನೋರಂಜನ್ ಬ್ಯಾಪಾರಿ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ನಾಮಶೂದ್ರ ಕುಟುಂಬದವರು, ಶಾಲೆಗೆ ಹೋದವರಲ್ಲ, ಅಕ್ಷರ ಕಲಿತದ್ದು ಜೈಲಿನಲ್ಲಿ, ನೆಲದ ಮೇಲೆ ಕಡ್ಡಿಯಿಂದ ಗೀಚಿ. ಹೊರಬಂದು ರಿಕ್ಷಾ ಓಡಿಸುತ್ತ, ಸವಾರಿ ಇಲ್ಲದಾಗ ಸಿಕ್ಕದ್ದನ್ನೆಲ್ಲ ಓದುತ್ತಿದ್ದರು. ಒಂದು ದಿನ ಪುಸ್ತಕದಲ್ಲಿ ಸಿಕ್ಕ ಒಂದು ಪದದ ಅರ್ಥ ತಿಳಿಯದೆ, ಗಾಡಿ ಹತ್ತಿದ ಉಪನ್ಯಾಸಕಿಯಂಥ ಮಹಿಳೆಯನ್ನು ಕೇಳಿದರು: 'ಜಿಜೀವಿಷಾ' ಎಂದರೇನು? ಬದುಕಬೇಕೆಂಬ ಹಂಬಲ ಎಂದು ಹೇಳಿದ ಆ ಮಹಿಳೆ ಮಹಾಶ್ವೇತಾ ದೇವಿ. ತಾವು ನಡೆಸುತ್ತಿದ್ದ 'ಬರ್ತಿಕಾ' ಪತ್ರಿಕೆಗೆ ಬರೆಯಲು ಹೇಳಿದರು. 1981ರಲ್ಲಿ ಅಲ್ಲಿ ಪ್ರಕಟವಾದ ಬ್ಯಾಪಾರಿಯವರ ಮೊದಲ ಬರಹ ರಿಕ್ಷಾ ಓಡಿಸುವ ಬದುಕಿನ ಬಗ್ಗೆಯೇ.

ಈ ಘಟನೆಯನ್ನು ನಾವು ದೊಡ್ಡ ಲೇಖಕಿಯ ಔದಾರ್ಯದ ಕಥೆಯಾಗಿ ಹೇಳುತ್ತೇವೆ. ತಿರುಗಿಸಿ ನೋಡಿದರೆ ಬೇರೆಯೇ ಕಾಣುತ್ತದೆ. ಅಲ್ಲಿ ಪ್ರಶ್ನೆ ಕೇಳಿದವರು ಎಳೆಯುವವರು, ಉತ್ತರ ಕೊಡಬೇಕಾದವರು ಕೂತವರು. ಕೇಳಿದ್ದು ದುಡ್ಡಲ್ಲ, ಒಂದು ಪದ. ನಮ್ಮ ಕನ್ನಡ ನಿಘಂಟಿನಲ್ಲೂ 'ಜಿಜೀವಿಷೆ' ಇದೆ. ನೂರು ವರ್ಷ ಕೆಲಸ ಮಾಡುತ್ತಲೇ ಬದುಕಲು ಬಯಸಬೇಕು ಎನ್ನುವ ಈಶಾವಾಸ್ಯೋಪನಿಷತ್ತಿನ ಎರಡನೆಯ ಮಂತ್ರದಲ್ಲಿ ಅದರ ಮೂಲವಿದೆ. ಕೆಲಸ ಮತ್ತು ಬದುಕು ಎರಡನ್ನೂ ಒಟ್ಟಿಗೆ ಹೇಳಿದ ಪದ ಕೆಲಸ ಮಾಡುವವರ ಕೈಗೆ ತಲುಪಲು ಅಷ್ಟು ದೂರ ಬರಬೇಕಾಯಿತು. ಅದಕ್ಕೇ ಬ್ಯಾಪಾರಿಯವರ ಆತ್ಮಕಥೆಯಲ್ಲಿ 'ಗಾಡಿ ಯಾರದು' ಎಂಬ ಪ್ರಶ್ನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಭಾಷೆ ಯಾರದು, ಅದನ್ನು ಯಾರು ಬಾಡಿಗೆಗೆ ತಂದು ಬಳಸಬೇಕು?

ನನ್ನ ಮಹಾಪ್ರಬಂಧವೂ ಒಂದು ರೀತಿಯ ಸವಾರಿಯೇ. ಯಾರೋ ಎಳೆದ ಬದುಕಿನ ಮೇಲೆ ಕೂತು ಅದು ಮುಂದೆ ಹೋಗುತ್ತಿದೆ. ಇಳಿದುಬಿಡುವುದು ಉತ್ತರವಲ್ಲ, ಕಾಲೇಜ್ ಸ್ಟ್ರೀಟಿನಲ್ಲಿ ಹತ್ತದೆ ಬಿಟ್ಟದ್ದರಿಂದ ಆ ಹಿರಿಯರಿಗೆ ಒಂದು ಸವಾರಿ ಹೋಯಿತು, ಅಷ್ಟೇ. ಅವರ ಗಾಡಿ ಯಾರದು, ದಿನದ ಬಾಡಿಗೆ ಎಷ್ಟು, ಮಲಗುವುದೆಲ್ಲಿ ಎಂದು ನಾನು ಕೇಳಲಿಲ್ಲ. ಹತ್ತಿದ್ದರೂ ಕೇಳುತ್ತಿದ್ದೆನೋ ಇಲ್ಲವೋ. ಈಗ ಪ್ರಬಂಧವನ್ನು ತಿದ್ದುತ್ತಿದ್ದೇನೆ. 'ದೇಹ' ಎಂದು ಇದ್ದಲ್ಲೆಲ್ಲ ನಿಂತು, ಇಲ್ಲಿ ದುಡ್ಡು ಯಾರಿಂದ ಯಾರಿಗೆ ಹೋಗುತ್ತಿದೆ ಎಂದು ನೋಡುತ್ತೇನೆ. ಅರ್ಧಕ್ಕರ್ಧ ಪುಟ ಹೊಸದಾಗಿ ಬರೆಯಬೇಕಾಗಿದೆ.

ಮಾವ ಕೊನೆಗೆ ಸಾಲ ಮಾಡಿ ಸ್ವಂತ ಆಟೊ ಕೊಂಡರು. ಅದುವರೆಗೆ ಅವರು ಓಡಿಸಿದ ಯಾವ ಗಾಡಿಗೂ ಒಂದು ಚಿತ್ರ ಅಂಟಿಸಿದವರಲ್ಲ, ಯಜಮಾನರ ಗಾಡಿಗೆ ನಾವ್ಯಾಕೆ ಅಂಟಿಸೋದು ಎನ್ನುತ್ತಿದ್ದರು. ಹೊಸ ಗಾಡಿ ಮನೆಗೆ ಬಂದ ಸಂಜೆ, ಪೂಜೆಗೂ ಮೊದಲು, ಹಿಂದಿನ ಗಾಜಿಗೆ ಶಂಕರ್‌ನಾಗ್ ಚಿತ್ರ ಅಂಟಿಸಿದರು. ಅತ್ತೆ ಅಂದು ಏನೂ ಕೇಳಲಿಲ್ಲ. ಮರುದಿನ ರಾತ್ರಿ ಕೇಳಿದರು: "ಕಂತಿಗೆ ತೆಗೆದಿಟ್ಟು ಎಷ್ಟುಳೀತು?"